ಕೆರೆಯ ಬಸವನಹುಳು, ತೋಟದ ಬಸವನಹುಳು

ಶಂಖವೆಂದೊಡನೆ ಕಡಲು ನೆನಪಾಗುವುದು ಸಹಜ. ದೇವರ ಮನೆಯ ಶಂಖ ಕಡಲಿನದು. ಪಗಡೆಯಾಟದ ಕವಡೆ ಕಡಲಿನದು. ಪ್ರವಾಸ ಹೋದ ಮಕ್ಕಳು ಜೇಬು ತುಂಬಿಕೊಂಡು ಬರುವ ಬಣ್ಣದ ಚಿಪ್ಪುಗಳೂ ಕಡಲಿನವೇ. ಪೂರ್ವದ ಕಡಲಿಗೂ ಪಶ್ಚಿಮದ ಕಡಲಿಗೂ ಹೆಚ್ಚುಕಡಮೆ ೩೦೦ ಕಿಲೋಮೀಟರು ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಬಯಲಿನಲ್ಲಿ ಶಂಖಪ್ರಾಣಿಗಳ ಮಾತೆತ್ತಿದರೆ ಕೇಳಿದವರು ಹುಬ್ಬೇರಿಸಿಯಾರು. ಆದರೆ ಬೇಸಗೆಯಲ್ಲಿ ಈ ಸೀಮೆಯ ಬತ್ತಿದ ಕೆರೆಯಂಗಳಕ್ಕೆ ಇಳಿದು ನೋಡಿದವರಿಗೆ, ಬಿರುಕು ಬಿಟ್ಟ ಮಣ್ಣಿನ ಮೇಲೆ ನಿಂಬೆಹಣ್ಣಿನ ಗಾತ್ರದ ಬಿಳಿಚಿದ ಚಿಪ್ಪುಗಳು ಚೆಲ್ಲಿ ಬಿದ್ದಿರುವುದು ಕಾಣದೆ ಇರದು. ರೈತರು ಹೊಲಕ್ಕೆ ಹೊಡೆಯುವ ಕೆರೆಗೋಡಿನಲ್ಲಿಯೂ ಅವುಗಳ ಚೂರುಗಳುಂಟು. ಅವು ಯಾವ ಕಡಲಿನಿಂದಲೂ ಬಂದವಲ್ಲ. ಅಲ್ಲಿಯೇ ಹುಟ್ಟಿ, ಅಲ್ಲಿಯೇ ಬಾಳಿ, ಅಲ್ಲಿಯೇ ಸತ್ತ ಬಸವನಹುಳುಗಳ ಮನೆಗಳು ಅವು.

ಬಸವನಹುಳು ಎಂಬ ಹೆಸರನ್ನು ಇಟ್ಟವರು ಒಳ್ಳೆಯ ಕಣ್ಣುಳ್ಳವರು. ಬೆನ್ನ ಮೇಲೆ ಹಿಣಿಲು, ತಲೆಯ ಮೇಲೆ ಕೋಡು, ನಡಗೆಯಲ್ಲಿ ಆತುರವಿಲ್ಲದ ಗಾಂಭೀರ್ಯ. ಎತ್ತಿಗೆ ಹೋಲಿಸಲು ಇಷ್ಟು ಸಾಲದೇ? ಹುಳುವೆಂದು ಕರೆದದ್ದು ಮಾತ್ರ ಸ್ವಲ್ಪ ಸಡಿಲವಾದ ಮಾತು. ಇದು ಎರೆಹುಳುವಿಗಾಗಲಿ ಕಂಬಳಿಹುಳುವಿಗಾಗಲಿ ನೆಂಟನಲ್ಲ. ಕಡಲ ಶಂಖ, ಕಪ್ಪೆಚಿಪ್ಪು, ಎಂಟು ತೋಳಿನ ಆಕ್ಟೋಪಸ್ ಇವುಗಳ ಬಳಗಕ್ಕೆ, ಎಂದರೆ ಮೃದ್ವಂಗಿಗಳ ವಂಶಕ್ಕೆ, ಸೇರಿದ್ದು. ಸಂಸ್ಕೃತದಲ್ಲಿ ಇದಕ್ಕೆ ಶಂಬೂಕವೆಂಬ ಹೆಸರುಂಟು. ತಪಸ್ಸು ಮಾಡಿದ ಅಪರಾಧಕ್ಕಾಗಿ ರಾಮಾಯಣದ ಉತ್ತರಕಾಂಡದಲ್ಲಿ ತಲೆಯನ್ನೇ ತೆತ್ತ, ಕುವೆಂಪು ಅವರ ‘ಶೂದ್ರ ತಪಸ್ವಿ’ ನಾಟಕದ ಮೂಲಕ ಕನ್ನಡಿಗರಿಗೆ ಹತ್ತಿರದವನಾದ ಶಂಬೂಕನ ಹೆಸರೂ ಇದೇ. ಓಡಲಾರದ, ಕಚ್ಚಲಾರದ ಪ್ರಾಣಿಯ ಹೆಸರು ಆ ತಪಸ್ವಿಗೆ ಬಂದುದೇಕೆಂಬುದನ್ನು ಪಂಡಿತರು ವಿಚಾರಿಸಲಿ. ಇಲ್ಲಿಯ ವಿಷಯ ಅದಲ್ಲ.

ಈ ಪ್ರಾಣಿಯ ಶರೀರರಚನೆ ವಿಚಿತ್ರವಾದುದು. ಹೊಟ್ಟೆಯ ಅಡಿಭಾಗವೇ ಅದಕ್ಕೆ ಕಾಲು. ಆ ಒಂದೇ ಕಾಲಿನ ಸ್ನಾಯುಗಳು ಅಲೆಯಲೆಯಾಗಿ ಕುಗ್ಗಿ ಹಿಗ್ಗುವುದರಿಂದ, ತಾನೇ ಹಾಸಿಕೊಂಡ ಲೋಳೆಯ ದಾರಿಯ ಮೇಲೆ ಅದು ಜಾರಿಕೊಂಡು ಹೋಗುತ್ತದೆ. ನೆಲದ ಬಸವನಹುಳುವಿಗೆ ಎರಡು ಜೊತೆ ಕೋಡುಗಳು. ಉದ್ದನೆಯ ಜೊತೆಯ ತುದಿಯಲ್ಲಿ ಕಣ್ಣು. ಬಾಯೊಳಗೆ ಅರದಂತಹ ಒಂದು ಪಟ್ಟಿ. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳು ಸಾವಿರಾರು. ಎಲೆಯನ್ನು ಅದು ಕಚ್ಚುವುದಿಲ್ಲ, ಉಜ್ಜಿ ಉಜ್ಜಿ ಸವೆಸುತ್ತದೆ. ಹೆಚ್ಚಿನ ಬಸವನಹುಳುಗಳ ರಕ್ತವಂತೂ ಕೆಂಪಲ್ಲ. ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವುದು ಕಬ್ಬಿಣದ ಅಂಶವಾದರೆ ಅವುಗಳಲ್ಲಿ ಹೊರುವುದು ತಾಮ್ರದ ಅಂಶ. ಆದ್ದರಿಂದ ಅದಕ್ಕೆ ತಿಳಿನೀಲಿಯ ಛಾಯೆ. ಈ ತಾಮ್ರದ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಪ್ರಯೋಜನವುಂಟು.

ಬೆಂಗಳೂರು ಗ್ರಾಮಾಂತರದ ನೆಲದಲ್ಲಿಯೂ ನೀರಿನಲ್ಲಿಯೂ ಇಂತಹ ಜೀವಿಗಳು ಹಲವು ಬಗೆ ಇವೆ. ಆದರೆ ಈಗ ಅವುಗಳಲ್ಲಿ ಎರಡರ ಕಥೆ ಮುಖ್ಯವಾಗಿದೆ. ಒಂದು ಇಲ್ಲಿಯ ಕೆರೆಗಳ ಹಳೆಯ ಒಕ್ಕಲು. ಇನ್ನೊಂದು ದೂರದ ಆಫ್ರಿಕದಿಂದ ಬಂದು ತೋಟಗಳಲ್ಲಿ ಬೀಡುಬಿಟ್ಟ ಪರದೇಶಿ. ಕೆರೆ ಕೆಟ್ಟಲ್ಲಿ ಮೊದಲನೆಯದು ಇಲ್ಲವಾಗುತ್ತಿದೆ. ನೀರುಣಿಸಿ ಸಾಕಿದ ತೋಟ ಇದ್ದಲ್ಲೆಲ್ಲ ಎರಡನೆಯದು ಹೆಚ್ಚುತ್ತಿದೆ. ಎರಡನ್ನೂ ಜನ ಒಂದೇ ಹೆಸರಿನಿಂದ ಕರೆಯುವುದರಿಂದ ಒಂದರ ಮೇಲಿನ ಕೋಪವನ್ನು ಇನ್ನೊಂದೂ ಅನುಭವಿಸಬೇಕಾಗಿ ಬಂದಿದೆ.

ಮೊದಲು ಕೆರೆಯದನ್ನು ನೋಡೋಣ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವರಿಗೆ ಇದು ‘ಪೈಲಾ’ ಎಂಬ ಹೆಸರಿನಿಂದ ಪರಿಚಿತ. ಬೈನಿ ಪ್ರಸಾದ್ ಎಂಬ ಭಾರತೀಯ ವಿಜ್ಞಾನಿ ೧೯೨೫ರಲ್ಲಿ ಇದರ ಮೇಲೆ ಒಂದು ಪ್ರಬಂಧಗ್ರಂಥವನ್ನು ಪ್ರಕಟಿಸಿದ ಮೇಲೆ ಭಾರತದ ಪ್ರಯೋಗಶಾಲೆಗಳಲ್ಲೆಲ್ಲ ಇದಕ್ಕೆ ಪ್ರವೇಶ ದೊರೆಯಿತು. ತಲೆಮಾರುಗಳ ವಿದ್ಯಾರ್ಥಿಗಳು ಮೇಣದ ತಟ್ಟೆಯಲ್ಲಿ ಇದನ್ನು ಸೀಳಿ, ಗುಂಡುಸೂಜಿ ಚುಚ್ಚಿ, ಚಿತ್ರ ಬರೆದು, ಮರೆತರು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೧೪ರಲ್ಲಿ ಪ್ರಾಣಿಗಳ ಛೇದನಕ್ಕೆ ತಡೆ ಹಾಕಿದ ಮೇಲೆ ಆ ಪಾಡೇನೋ ಇದಕ್ಕೆ ತಪ್ಪಿತು. ದಕ್ಷಿಣದ ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಜಾತಿಗೆ ಪೈಲಾ ವೈರೆನ್ಸ್ ಎಂದು ಹೆಸರು. ಗುಂಡನೆಯ, ಹಸಿರುಗಂದು ಬಣ್ಣದ ಚಿಪ್ಪು; ಅದರ ಬಾಯಿಗೆ ಸರಿಯಾಗಿ ಕೂರುವ ಸುಣ್ಣದಂಶದ ಗಟ್ಟಿ ಮುಚ್ಚಳ. ಪ್ರಾಣಿ ಒಳಕ್ಕೆ ಸರಿದುಕೊಂಡರೆ ಬಾಗಿಲು ತಾನಾಗಿ ಮುಚ್ಚುತ್ತದೆ. ಮನೆ ಹೊತ್ತು ತಿರುಗುವ ಪ್ರಾಣಿಗಳು ಹಲವು ಇರಬಹುದು. ಮನೆಯ ಬಾಗಿಲನ್ನೂ ಹೊತ್ತು ತಿರುಗುವವು ಕಡಮೆ.

ಈ ಬಾಗಿಲಿನ ಪ್ರಯೋಜನ ತಿಳಿಯಬೇಕಾದರೆ ಈ ಸೀಮೆಯ ಕೆರೆಯ ಸ್ವಭಾವವನ್ನು ನೆನೆಯಬೇಕು. ಇದು ನಿತ್ಯ ಹರಿಯುವ ಹೊಳೆಗಳ ನಾಡಲ್ಲ. ನಂದಿಬೆಟ್ಟದ ಮಗ್ಗುಲಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೇಲೆ ಹಾದುಬರುವ ಅರ್ಕಾವತಿಯಾಗಲಿ, ಹೊಸಕೋಟೆಯ ಕಡೆಗಿಳಿಯುವ ದಕ್ಷಿಣ ಪಿನಾಕಿನಿಯಾಗಲಿ ಮಳೆ ಬಂದರೆ ನದಿಗಳು, ಬಾರದಿದ್ದರೆ ಮರಳಿನ ದಾರಿಗಳು. ಪೂರ್ವಿಕರು ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿ, ಒಂದರ ಕೋಡಿ ಇನ್ನೊಂದಕ್ಕೆ ಬೀಳುವಂತೆ ಕೆರೆಗಳ ಸರಪಣಿಯನ್ನೇ ಮಾಡಿದರು. ಹಸ್ತ ಚಿತ್ತೆಗಳ ಕಾಲಕ್ಕೆ ತುಂಬಿದ ನೀರು ಮಾಘ ಫಾಲ್ಗುಣಗಳ ವೇಳೆಗೆ ತಳ ಹಿಡಿಯುತ್ತದೆ. ಕೆಲವು ವರ್ಷ ಪೂರ್ತಿಯಾಗಿ ಆರುತ್ತದೆ. ನೀರಿನ ಪ್ರಾಣಿಯೊಂದು ಇಂತಹ ಕೆರೆಯನ್ನು ನಂಬಿ ಬಾಳುವುದಾದರೂ ಹೇಗೆ?

ಪೈಲಾ ಇದಕ್ಕೆ ಎರಡು ಉಪಾಯಗಳನ್ನು ಕಂಡುಕೊಂಡಿದೆ. ಒಂದು, ಉಸಿರಾಟದ್ದು. ಅದರ ಶರೀರದ ಬಲಗಡೆಯ ಕೋಣೆಯಲ್ಲಿ ಮೀನಿನಂತೆ ಕಿವಿರು. ಎಡಗಡೆಯ ಕೋಣೆಯಲ್ಲಿ ಗಾಳಿಯುಸಿರಿಗೆ ಶ್ವಾಸಕೋಶ. ನೀರು ತಿಳಿಯಾಗಿರುವಾಗ ಕಿವಿರು ಸಾಕು. ನೀರು ಬೆಚ್ಚಗಾಗಿ ಬಗ್ಗಡವಾದಾಗ ಅದು ಮೇಲಕ್ಕೆ ಬಂದು, ಕೊಳವೆಯಂತಹ ಒಂದು ಮಡಿಕೆಯನ್ನು ನೀರಿನಿಂದ ಹೊರಚಾಚಿ ಗಾಳಿಯನ್ನೇ ಹೀರುತ್ತದೆ. ಎರಡನೆಯದು, ನಿದ್ರೆ. ನೀರು ಹಿಂಜರಿಯತೊಡಗಿದೊಡನೆ ಅದು ಕೆಸರಿನೊಳಕ್ಕೆ ಇಳಿದು, ಬಾಗಿಲು ಬಿಗಿದುಕೊಂಡು, ಆಹಾರವಿಲ್ಲದೆ ತಿಂಗಳುಗಟ್ಟಲೆ ಮಲಗಿಬಿಡುತ್ತದೆ. ಮೇಲೆ ಮಣ್ಣು ಕಲ್ಲಾಗುತ್ತದೆ, ಹುಡುಗರು ಅದರ ಮೇಲೆ ಕ್ರಿಕೆಟ್ ಆಡುತ್ತಾರೆ, ದನಗಳು ಮೇಯುತ್ತವೆ. ಕೆಳಗೆ ಇದು ಕಾಯುತ್ತಿರುತ್ತದೆ. ಮಳೆಯ ನೀರು ತಂಪನ್ನು ಕೊಟ್ಟಾಗ ಎದ್ದು ಬಂದು, ದಡದ ಒದ್ದೆಮಣ್ಣಿನ ಪೊಟರೆಗಳಲ್ಲಿ ನೂರಾರು ಬಿಳಿಯ ಮೊಟ್ಟೆಗಳ ರಾಶಿಯಿಡುತ್ತದೆ.

ಬಸವನಹುಳುಗಳ ನಿದ್ರೆಯ ವಿಷಯದಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಕಥೆ ಪ್ರಸಿದ್ಧವಾದುದು. ಈಜಿಪ್ಟಿನ ಮರಳುಗಾಡಿನಿಂದ ತಂದ ಒಂದು ಬಸವನಹುಳುವನ್ನು ಸತ್ತದ್ದೆಂದು ಭಾವಿಸಿ ೧೮೪೬ರ ಮಾರ್ಚಿಯಲ್ಲಿ ರಟ್ಟಿಗೆ ಅಂಟಿಸಿ, ಹೆಸರು ಬರೆದು, ಪ್ರದರ್ಶನಕ್ಕೆ ಇಟ್ಟಿದ್ದರು. ನಾಲ್ಕು ವರ್ಷಗಳಾದ ಮೇಲೆ, ೧೮೫೦ರಲ್ಲಿ, ಯಾರಿಗೋ ಆ ರಟ್ಟಿನ ಮೇಲೆ ಲೋಳೆಯ ಗುರುತು ಕಂಡಿತು. ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟಾಗ ಪ್ರಾಣಿ ತಲೆ ಹೊರಗೆ ಹಾಕಿತು. ಮಾರನೆಯ ದಿನ ಕೋಸಿನ ಎಲೆ ತಿನ್ನಲಾರಂಭಿಸಿತು. ಸರ್ಕಾರಿ ಕಡತಗಳಿಗೆ ಹೋಲಿಸುವ ಚಪಲವಾಗುತ್ತದೆ, ಬೇಡ.

ಕೆರೆಯಲ್ಲಿ ಪೈಲಾ ಇದೆಯೆಂಬುದನ್ನು ಮನುಷ್ಯರಿಗಿಂತ ಚೆನ್ನಾಗಿ ಬಲ್ಲ ಹಕ್ಕಿಯೊಂದುಂಟು. ಅದು ಬಾಯ್ಕಳಕ ಕೊಕ್ಕರೆ. ಕೊಕ್ಕು ಮುಚ್ಚಿದಾಗಲೂ ಮೇಲಿನ ಕೆಳಗಿನ ದವಡೆಗಳ ನಡುವೆ ಒಂದು ಕಂಡಿ ತೆರೆದೇ ಇರುವುದರಿಂದ ಅದಕ್ಕೆ ಆ ಹೆಸರು. ಅಡಕೆಯೊತ್ತಿನಂತೆ ಚಿಪ್ಪನ್ನು ಒಡೆಯುವುದಕ್ಕೇ ಈ ಕಂಡಿಯೆಂದು ಹಿಂದೆ ಊಹಿಸಿದ್ದರು. ಆದರೆ ಹಕ್ಕಿ ಚಿಪ್ಪನ್ನು ಒಡೆಯುವುದೇ ಇಲ್ಲ; ಕೊಕ್ಕಿನ ಚೂಪಾದ ತುದಿಯನ್ನು ಮುಚ್ಚಳದ ಅಂಚಿನಲ್ಲಿ ತೂರಿಸಿ, ಒಳಗಿನ ಮಾಂಸವನ್ನು ಬಿಡಿಸಿ ಎಳೆದುಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಪಕ್ಷಿಶಾಸ್ತ್ರಜ್ಞ ಜರ್ಡನ್, ಕಣ್ಣು ಮುಚ್ಚಿದರೂ ಈ ಹಕ್ಕಿ ಬಸವನಹುಳುವನ್ನು ಹಿಡಿಯಬಲ್ಲದೆಂದು ಬರೆದಿಟ್ಟಿದ್ದಾನೆ. ಜೂಲಿಯನ್ ಹಕ್ಸ್ಲಿಯಂತಹ ದೊಡ್ಡ ವಿಜ್ಞಾನಿ ೧೯೬೦ರಲ್ಲಿ ಈ ಕೊಕ್ಕಿನ ಕಂಡಿಯೊಂದರ ಮೇಲೆಯೇ ಒಂದು ಲೇಖನವನ್ನು ಬರೆದ. ಬಂಗಾಳ, ಬಿಹಾರ, ಮಣಿಪುರಗಳಲ್ಲಿ ಪೈಲಾ ಮನುಷ್ಯರ ತಟ್ಟೆಗೂ ಬರುವುದುಂಟು.

ಅದೇ ಕೆರೆಯಲ್ಲಿ ಇದರ ಸಣ್ಣಪುಟ್ಟ ದಾಯಾದಿಗಳೂ ಇದ್ದಾರೆ. ಪಟ್ಟೆಪಟ್ಟೆಯ ಚಿಪ್ಪಿನ ಬೆಲ್ಲಾಮಿಯಾ ಮೊಟ್ಟೆಯಿಡದೆ ಮರಿಗಳನ್ನೇ ಹೆರುತ್ತದೆ. ತಿರುಪುಮೊಳೆಯಂತೆ ಸಪೂರವಾಗಿರುವ ಮೆಲನಾಯ್ಡಿಸ್ ಜಾತಿಯಲ್ಲಿ ಗಂಡಿನ ಹಂಗೇ ಇಲ್ಲದೆ ಹೆಣ್ಣು ಹೆಣ್ಣನ್ನೇ ಹೆರುತ್ತ ಹೋಗುತ್ತದೆ. ಇವೆಲ್ಲ ಕೆರೆಯಿಂದ ಕೆರೆಗೆ ಹೋಗುವುದು ಹೇಗೆಂಬ ಪ್ರಶ್ನೆ ಡಾರ್ವಿನ್ನನನ್ನೂ ಕಾಡಿತ್ತು. ಅವನು ಬಾತಿನ ಕಾಲನ್ನು ನೀರಿನ ತೊಟ್ಟಿಯಲ್ಲಿ ತೂಗುಬಿಟ್ಟು ನೋಡಿದ. ಆಗತಾನೇ ಮೊಟ್ಟೆಯೊಡೆದ ಮರಿಗಳು ಆ ಕಾಲಿಗೆ ಅಂಟಿಕೊಂಡವು. ನೀರಿನಿಂದ ಹೊರತೆಗೆದ ಮೇಲೂ ಒದ್ದೆ ಗಾಳಿಯಲ್ಲಿ ಹನ್ನೆರಡರಿಂದ ಇಪ್ಪತ್ತು ಗಂಟೆ ಬದುಕಿದವು. ಅಷ್ಟರಲ್ಲಿ ಬಾತು ಎಷ್ಟು ದೂರ ಹಾರಲಾರದು! ಇದನ್ನು ಅವನು ೧೮೫೯ರ ತನ್ನ ಮಹಾಗ್ರಂಥದಲ್ಲಿ ಬರೆದ. ಕಡಲಿಲ್ಲದ ಸೀಮೆಯ ಏಕಾಂತವಾದ ಕುಂಟೆಯೊಂದರಲ್ಲಿಯೂ ಚಿಪ್ಪಿನ ಪ್ರಾಣಿ ಕಾಣಿಸಿಕೊಳ್ಳುವ ಗುಟ್ಟು ಇದು.

ದಾಯಾದಿಗಳೆಲ್ಲ ನಿರುಪದ್ರವಿಗಳೆಂದು ಹೇಳಲಾಗದು. ಹಾಲಿನಿಂದ ಸಂಸಾರ ನಡೆಸುವ ಮನೆಗಳು ಹೆಚ್ಚಾಗಿರುವ ಈ ಜಿಲ್ಲೆಯಲ್ಲಿ ಎರಡನ್ನು ತಿಳಿದಿರಬೇಕು. ಒಂದು, ಸುರುಳಿ ಸುತ್ತಿದ ಚಪ್ಪಟೆ ಬಿಲ್ಲೆಯಂತಿರುವ ಇಂಡೋಪ್ಲಾನಾರ್ಬಿಸ್. ಇದರ ರಕ್ತ ಮಾತ್ರ ನಮ್ಮದರಂತೆ ಕೆಂಪು. ದನಗಳ ಮೂಗಿನ ರಕ್ತನಾಳಗಳಲ್ಲಿ ನೆಲೆಸುವ ಒಂದು ಸೂಕ್ಷ್ಮವಾದ ಹುಳುವಿನ ಬಾಲ್ಯ ಇದರ ಹೊಟ್ಟೆಯಲ್ಲಿ ಕಳೆಯುತ್ತದೆ. ಬಸವನಹುಳುವಿನಿಂದ ಹೊರಬಿದ್ದ ಮರಿಗಳು ನೀರಿಗಿಳಿದ ದನದ ಚರ್ಮವನ್ನು ತೂರಿ ಒಳಹೊಗುತ್ತವೆ. ಮೂಗಿನೊಳಗೆ ಹೂಕೋಸಿನಂತಹ ಗಂಟುಗಳೆದ್ದು ಹಸು ಗೊರಕೆ ಹೊಡೆಯಲಾರಂಭಿಸುತ್ತದೆ. ಗೊರಕೆ ರೋಗವೆಂದು ಹಳ್ಳಿಗರು ಕರೆಯುವ ಈ ವ್ಯಾಧಿಯ ಹುಳುವನ್ನು ೧೯೩೩ರಲ್ಲಿ ವಿವರಿಸಿದವರು ಮದರಾಸಿನ ಪಶುವೈದ್ಯ ವಿಜ್ಞಾನಿ ಎಂ. ಎ. ಎನ್. ರಾವ್. ಎಮ್ಮೆಗೆ ಅದೇ ಹುಳು ತಗುಲಿದರೂ ಅಷ್ಟು ಬಾಧೆಯಿಲ್ಲ, ಹಸುವಿಗೇ ಕಷ್ಟ. ಇನ್ನೊಂದು, ತೆಳ್ಳನೆಯ ಚಿಪ್ಪಿನ ಲಿಮ್ನಿಯಾ. ಕುರಿ ದನಗಳ ಪಿತ್ತಕೋಶದ ಕೊಳವೆಗಳನ್ನು ಹಾಳುಮಾಡುವ ಯಕೃತ್ತಿನ ಹುಳುವಿಗೆ ಇದು ತವರು. ಇಂಗ್ಲೆಂಡಿನಲ್ಲಿ ೧೮೭೯–೮೦ರ ಅತಿವೃಷ್ಟಿಯಲ್ಲಿ ಇದೇ ಜಾತಿಯ ರೋಗಕ್ಕೆ ಸುಮಾರು ೩೦ ಲಕ್ಷ ಕುರಿಗಳು ಬಲಿಯಾದುವು. ಆಗಲೇ ಆಕ್ಸ್‌ಫರ್ಡಿನ ಥಾಮಸ್ ಮತ್ತು ಲೈಪ್ಸಿಗ್ಗಿನ ಲಾಯ್ಕಾರ್ಟ್ ಇಬ್ಬರೂ ಬೇರೆಬೇರೆಯಾಗಿ ದುಡಿದು ಬಸವನಹುಳುವಿನ ಪಾತ್ರವನ್ನು ಪತ್ತೆಹಚ್ಚಿದರು.

ಆದರೂ ಇದು ಹಳೆಯ ಲೆಕ್ಕಾಚಾರ. ಕೆರೆ, ಕೊಕ್ಕರೆ, ಹಸು, ಬಸವನಹುಳು ಎಲ್ಲವೂ ಶತಮಾನಗಳಿಂದ ಒಂದನ್ನೊಂದು ಬಲ್ಲವು. ಲೆಕ್ಕ ತಪ್ಪಿದ್ದು ಕೆರೆಯೇ ಬದಲಾದ ಮೇಲೆ. ಊರು ಬೆಳೆದು ರಾಜಕಾಲುವೆ ಮುಚ್ಚಿತು. ಕೊಳವೆಬಾವಿಗಳು ಹೆಚ್ಚಿ ಅಂತರ್ಜಲ ಆಳಕ್ಕಿಳಿಯಿತು. ಒಂದು ವರ್ಷ ಆರುತ್ತಿದ್ದ ಕೆರೆ ಸಾಲಾಗಿ ಹಲವು ವರ್ಷ ಒಣಗಿ ನಿಂತಿತು. ಮೊಹರು ಮಾಡಿಕೊಂಡು ಮಲಗಿದ ಪ್ರಾಣಿಗೂ ಕಾಯುವುದಕ್ಕೆ ಒಂದು ಮಿತಿಯುಂಟು. ನೀರು ನಿಂತಲ್ಲಿಯೂ ಅದು ಎಂತಹ ನೀರೆಂಬುದನ್ನು ನೋಡಬೇಕು. ದೊಡ್ಡಬಳ್ಳಾಪುರದ ಬಳಿಯ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಕೈಗಾರಿಕೆಯ ಕೊಳೆಯೂ ಪಟ್ಟಣದ ಚರಂಡಿಯೂ ಸೇರಿ, ಅಲ್ಲಿಯ ಗ್ರಾಮಸ್ಥರು ಬೀದಿಗಿಳಿದು ಹೋರಾಡಬೇಕಾಗಿ ಬಂದುದು ಈಚಿನ ವರ್ಷಗಳ ಸಂಗತಿ. ೨೦೨೧ ಮತ್ತು ೨೦೨೨ರ ಮಳೆಗಾಲಗಳಲ್ಲಿ ಜಿಲ್ಲೆಯ ಅನೇಕ ಕೆರೆಗಳು ಬಹಳ ಕಾಲದ ಮೇಲೆ ಕೋಡಿ ಹರಿದುವು. ನೀರು ಬಂತು. ಆದರೆ ಬತ್ತಿ ಬೆಂದ ಕೆಸರಿನಲ್ಲಿ ನಿದ್ರೆಯಲ್ಲಿಯೇ ಸತ್ತವನ್ನು ಅದು ಎಬ್ಬಿಸಲಾರದು. ಪೈಲಾ ಜಾತಿಯೇನೂ ಭೂಮಿಯಿಂದ ಅಳಿದುಹೋಗುವ ಸ್ಥಿತಿಯಲ್ಲಿಲ್ಲ. ಒಂದೊಂದು ಕೆರೆಯಿಂದ ಅದು ಅಳಿದುಹೋಗುವುದು ಮಾತ್ರ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಇನ್ನು ಎರಡನೆಯದು. ಮಳೆಗಾಲದ ರಾತ್ರಿ ತೋಟದ ಗೋಡೆಯ ಮೇಲೆ, ನುಗ್ಗೆಯ ಬೊಡ್ಡೆಯ ಮೇಲೆ, ಪರಂಗಿಯ ಎಲೆಯ ಕೆಳಗೆ ಗುಂಪುಗುಂಪಾಗಿ ಅಂಟಿಕೊಂಡಿರುವ, ಅಂಗೈಯುದ್ದದ, ಕಂದುಗೆರೆಗಳ ಶಂಕುವಿನಾಕಾರದ ಪ್ರಾಣಿಯನ್ನು ನೋಡದ ಗೃಹಿಣಿಯರು ಈಗ ಬೆಂಗಳೂರಿನ ಸುತ್ತಮುತ್ತ ಕಡಮೆ. ಕೃಷಿ ಅಧಿಕಾರಿಗಳು ಇದನ್ನು ಆಫ್ರಿಕದ ದೈತ್ಯ ಬಸವನಹುಳು ಎಂದೂ ಶಂಖದಹುಳು ಎಂದೂ ಕರೆಯುತ್ತಾರೆ. ಹುಟ್ಟೂರು ಪೂರ್ವ ಆಫ್ರಿಕ. ಅಲ್ಲಿಂದ ಮಡಗಾಸ್ಕರ್, ಅಲ್ಲಿಂದ ಮಾರಿಷಸ್. ಮಾರಿಷಸ್ಸಿನಿಂದ ಭಾರತಕ್ಕೆ ಇದನ್ನು ತಂದವರು ಕಳ್ಳಸಾಗಣೆಯವರೂ ಅಲ್ಲ, ವ್ಯಾಪಾರಿಗಳೂ ಅಲ್ಲ. ಬಸವನಹುಳುಗಳನ್ನು ಪ್ರೀತಿಸಿದ ಒಬ್ಬ ಪಂಡಿತ. ವಿಲಿಯಂ ಹೆನ್ರಿ ಬೆನ್ಸನ್ ಎಂಬ ಈ ಕಂಪನಿ ಸರ್ಕಾರದ ಅಧಿಕಾರಿ ಭಾರತದ ಎಷ್ಟೋ ಚಿಪ್ಪುಪ್ರಾಣಿಗಳಿಗೆ ಹೆಸರು ಕೊಟ್ಟವನು. ೧೮೪೭ರಲ್ಲಿ ಅವನು ತಂದ ಜೀವಂತ ಮಾದರಿಗಳು ಕಲಕತ್ತೆಯ ಚೌರಂಗಿಯ ತೋಟವೊಂದಕ್ಕೆ ಬಿಡುಗಡೆಯಾದುವು. ಇಂದು ದೇಶದ ಹಲವು ರಾಜ್ಯಗಳ ರೈತರು ಅನುಭವಿಸುತ್ತಿರುವ ಹಾವಳಿಯ ಮೂಲ ಆ ತೋಟ.

ಇದರ ಬಲವೆಲ್ಲ ಸಂತಾನದಲ್ಲಿದೆ. ಪ್ರತಿಯೊಂದೂ ಗಂಡೂ ಹೌದು, ಹೆಣ್ಣೂ ಹೌದು. ಆದ್ದರಿಂದ ಎರಡು ಸೇರಿದರೆ ಎರಡೂ ತಾಯಂದಿರಾಗಬಹುದು. ಒಮ್ಮೆಗೆ ನೂರರಿಂದ ನಾಲ್ಕುನೂರರವರೆಗೆ ಮೊಟ್ಟೆ. ವರ್ಷಕ್ಕೆ ಹಲವು ಬಾರಿ. ಒಮ್ಮೆ ಸೇರಿದ ವೀರ್ಯವನ್ನು ಕೂಡಿಟ್ಟುಕೊಂಡು ತಿಂಗಳುಗಳ ಮೇಲೆಯೂ ಮೊಟ್ಟೆಯಿಡಬಲ್ಲದು. ಸುಮಾರು ಆರು ತಿಂಗಳಿಗೆ ಮರಿಯೂ ತಾಯಾಗುತ್ತದೆ. ಅಮೆರಿಕದ ಫ್ಲಾರಿಡದಲ್ಲಿ ೧೯೬೬ರಲ್ಲಿ ಹುಡುಗನೊಬ್ಬ ಹವಾಯಿಯಿಂದ ಮೂರೇ ಮೂರು ಹುಳುಗಳನ್ನು ಆಟಕ್ಕೆಂದು ತಂದ. ಅವನ ಅಜ್ಜಿ ಅವನ್ನು ತೋಟಕ್ಕೆ ಬಿಟ್ಟಳು. ಏಳು ವರ್ಷಗಳಲ್ಲಿ ಅವು ೧೮,೦೦೦ಕ್ಕೂ ಮೀರಿದುವು. ಹತ್ತು ಲಕ್ಷ ಡಾಲರು ಖರ್ಚು ಮಾಡಿ ೧೯೭೫ರಲ್ಲಿ ಅವನ್ನು ನಿರ್ಮೂಲ ಮಾಡಿದರು. ೨೦೧೧ರಲ್ಲಿ ಪುನಃ ಬಂದುವು. ಹತ್ತು ವರ್ಷ ಬಡಿದಾಡಿ ೨೦೨೧ರಲ್ಲಿ ಮುಗಿಯಿತೆಂದು ಘೋಷಿಸಿದರು. ೨೦೨೨ರಲ್ಲಿ ಅದೇ ರಾಜ್ಯದ ಇನ್ನೊಂದು ಕಡೆ ಮತ್ತೆ ತಲೆಯೆತ್ತಿದುವು. ಅಜ್ಜಿಯದೇನು ತಪ್ಪು? ಚಿಪ್ಪಿನ ಪ್ರಾಣಿಗಳ ಪಂಡಿತನೇ ಅದಕ್ಕಿಂತ ಹೆಚ್ಚಿನ ವಿವೇಕ ತೋರಿರಲಿಲ್ಲ.

ಗ್ರಾಮಾಂತರ ಜಿಲ್ಲೆಯ ಇಂದಿನ ಬೇಸಾಯಕ್ರಮ ಇದಕ್ಕೆ ಹೇಳಿಮಾಡಿಸಿದಂತಿದೆ. ಹಿಂದೆ ರಾಗಿ ಅವರೆಗಳ ಬೆದ್ದಲು ಬೇಸಗೆಯಲ್ಲಿ ಬಿಸಿಲಿಗೆ ಕಾದು ಬರಡಾಗಿರುತ್ತಿತ್ತು. ಅಲ್ಲಿ ಈ ತೇವಜೀವಿಗೆ ಅವಕಾಶವಿರಲಿಲ್ಲ. ಈಗ ಕೊಳವೆಬಾವಿಯ ನೀರು, ಹನಿ ನೀರಾವರಿ, ವರ್ಷವಿಡೀ ಹೂವು, ತರಕಾರಿ, ದ್ರಾಕ್ಷಿ, ವಿಜಯಪುರದ ರೇಷ್ಮೆಗೆ ಹಿಪ್ಪುನೇರಳೆ, ದೇವನಹಳ್ಳಿಯ ಚಕ್ಕೋತ. ಬುಡದಲ್ಲಿ ಹೊದಿಸಿದ ಎಲೆಗೊಬ್ಬರ, ಬದುವಿನಲ್ಲಿ ಕಳೆ, ಕಲ್ಲುರಾಶಿ. ಹಗಲು ಅಡಗಲು ನೆರಳು, ರಾತ್ರಿ ಮೇಯಲು ಎಳೆಸಸಿ. ಕೋಸು, ಚೆಂಡುಹೂವು, ಪರಂಗಿ, ಬಾಳೆ, ವೀಳ್ಯದೆಲೆ, ಹಿಪ್ಪುನೇರಳೆಯ ಚಿಗುರು, ಯಾವುದನ್ನೂ ಅದು ಬೇಡವೆನ್ನುವುದಿಲ್ಲ. ಸಂಜೆ ನೆಟ್ಟ ಸಸಿಯ ಸಾಲು ಬೆಳಗಾಗುವಷ್ಟರಲ್ಲಿ ಬರಿಯ ಕಡ್ಡಿಗಳ ಸಾಲಾದರೆ, ಸಾಲ ತಂದು ಸಸಿ ಕೊಂಡ ರೈತನಿಗೆ ಇದು ನಗೆಯ ವಿಷಯವಲ್ಲ. ನೆರೆಯ ಕ���ಲಾರ ಜಿಲ್ಲೆಯ ಬೆಳೆಗಳಲ್ಲಿ ಇದರ ತೀವ್ರ ಹಾವಳಿಯನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದ್ದಾರೆ.

ಗೋಡೆ ಏರುವುದಕ್ಕೂ ಒಂದು ಕಾರಣವಿದೆ. ಚಿಪ್ಪು ಬೆಳೆಯಬೇಕಾದರೆ ಸುಣ್ಣದಂಶ ಬೇಕು. ಈ ಸೀಮೆಯ ಹಾಸುಬಂಡೆ ಸುಣ್ಣಕಲ್ಲಲ್ಲ, ಗ್ರಾನೈಟಿನ ಬಳಗದ ಕಲ್ಲು. ಅದರಿಂದಾದ ಕೆಮ್ಮಣ್ಣಿನಲ್ಲಿ ಸುಣ್ಣ ಕಡಮೆ. ಹಾಗಾಗಿ ಆ ಪ್ರಾಣಿ ಮನೆಯ ಗೋಡೆಗೆ ಬಳಿದ ಸುಣ್ಣವನ್ನೂ ಸಿಮೆಂಟಿನ ಗಾರೆಯನ್ನೂ ತನ್ನ ಅರದಂತಹ ನಾಲಗೆಯಿಂದ ಕೆರೆದು ತಿನ್ನುತ್ತದೆ. ಹೊಸ ಬಡಾವಣೆಗಳೆದ್ದಲ್ಲಿ ಇದು ನೆಲೆಯೂರುವುದಕ್ಕೆ ಗಾರೆಯ ಗೋಡೆಗಳೂ ಒಂದು ನೆರವು. ಬೇಸಗೆಯಲ್ಲಿ ಇದೂ ಮಲಗುತ್ತದೆ. ಆದರೆ ಇದಕ್ಕೆ ಪೈಲಾದಂತಹ ಬಾಗಿಲಿಲ್ಲ. ಲೋಳೆಯನ್ನೇ ಒಣಗಿಸಿ ಮಾಡಿದ ಕಾಗದದಂತಹ ಬಿಳಿಯ ಪೊರೆಯನ್ನು ಬಾಯಿಗೆ ಅಂಟಿಸಿಕೊಳ್ಳುತ್ತದೆ, ಮಳೆ ಬಂದಾಗ ಹರಿದೊಗೆಯುತ್ತದೆ.

ಇದನ್ನು ಕೊಲ್ಲುವ ಉಪಾಯಗಳ ವಿಷಯದಲ್ಲಿ ಎಚ್ಚರ ಬೇಕು. ಉಪ್ಪು ಎರಚಿದರೆ ಸಾಯುವುದು ನಿಜ. ಆದರೆ ಪಾತಿಯ ಮಣ್ಣೂ ಕೆಡುತ್ತದೆ. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆಗಳನ್ನು ತಿಂದ ನಾಯಿಗೂ ಪ್ರಾಣಾಪಾಯ. ಮೈಲುತುತ್ತ, ಎಂದರೆ ತಾಮ್ರದ ಸಲ್ಫೇಟು, ಇನ್ನೂ ಯೋಚಿಸಬೇಕಾದ ಪದಾರ್ಥ. ತಾಮ್ರದ ನೆರವಿನಿಂದಲೇ ಉಸಿರಾಡುವ ಈ ಪ್ರಾಣಿಗೆ ಹೊರಗಿನಿಂದ ಬಂದ ಅದೇ ತಾಮ್ರ ವಿಷ. ಪ್ರಕೃತಿಯಲ್ಲಿ ಇಂತಹ ವಿಪರ್ಯಾಸಗಳಿಗೆ ಕೊರತೆಯಿಲ್ಲ. ಆದರೆ ತೋಟಕ್ಕೆ ಸುರಿದ ಮೈಲುತುತ್ತ ತೋಟದಲ್ಲಿಯೇ ನಿಲ್ಲುತ್ತದೆಯೆ? ಈ ಸೀಮೆಯ ಇಳಿಜಾರೆಲ್ಲ ಯಾವುದಾದರೊಂದು ಕೆರೆಯ ಕಡೆಗೆ. ಮಳೆಯ ನೀರಿನೊಡನೆ ಅಲ್ಲಿಗೆ ಹೋದದ್ದು ಮೀನಿನ ಮರಿಗೂ ಪೈಲಾದ ಮರಿಗೂ ವಿಷವೇ. ಪರದೇಶಿಯ ಮೇಲೆ ಬಿಟ್ಟ ಬಾಣ ಊರವನಿಗೆ ತಗುಲುವುದೆಂದರೆ ಇದು.

ಶತ್ರುವನ್ನು ತಿನ್ನುವ ಇನ್ನೊಂದು ಪ್ರಾಣಿಯನ್ನು ತಂದು ಬಿಟ್ಟರೆ ಹೇಗೆ ಎಂಬ ಯೋಚನೆ ಬುದ್ಧಿವಂತರಿಗೆ ಬಾರದಿರಲಿಲ್ಲ. ಹವಾಯಿಯಲ್ಲಿ ೧೯೫೫ರಲ್ಲಿಯೂ, ಪೆಸಿಫಿಕ್ ಸಾಗರದ ತಾಹಿತಿಯಲ್ಲಿ ೧೯೭೪ರಲ್ಲಿಯೂ, ಮೂರೆಯಾ ದ್ವೀಪದಲ್ಲಿ ೧೯೭೭ರಲ್ಲಿಯೂ ಬಸವನಹುಳುಗಳನ್ನೇ ಬೇಟೆಯಾಡುವ ಫ್ಲಾರಿಡದ ಒಂದು ‘ತೋಳ ಬಸವನಹುಳು’ವನ್ನು ತರಿಸಿದರು. ಅದು ಆಫ್ರಿಕದ ದೈತ್ಯನಿಗಿಂತ, ಆ ದ್ವೀಪಗಳ ಮರಗಳ ಮೇಲೆ ಮಾತ್ರ ಇದ್ದ ಪಾರ್ತುಲಾ ಎಂಬ ಸಣ್ಣ, ಸುಂದರ ಬಸವನಹುಳುಗಳೇ ರುಚಿಯೆಂದು ಕಂಡುಕೊಂಡಿತು. ಕೆಲವೇ ವರ್ಷಗಳಲ್ಲಿ ಅವುಗಳ ಹತ್ತಾರು ಜಾತಿಗಳು ಭೂಮಿಯಿಂದಲೇ ಅಳಿದುವು. ಉಳಿದ ಕೆಲವನ್ನು ವಿಜ್ಞಾನಿಗಳು ಲಂಡನ್, ಎಡಿನ್‌ಬರೋ ಮುಂತಾದ ಮೃಗಾಲಯಗಳಲ್ಲಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿಟ್ಟು ಸಾಕಿದರು. ಪಾರ್ತುಲಾ ತುರ್ಗಿಡಾ ಎಂಬ ಜಾತಿಯ ಕೊನೆಯ ಜೀವ ೧೯೯೬ರಲ್ಲಿ ಲಂಡನ್ನಿನಲ್ಲಿ ಸತ್ತಿತು. ದೈತ್ಯ ಬಸವನಹುಳು ಆ ದ್ವೀಪಗಳಲ್ಲಿ ಉಳಿದೇ ಇದೆ.

ಉಳಿಯುವುದು ಕೈಯಿಂದ ಆರಿಸುವ ಹಳೆಯ ಕೆಲಸ. ಸಂಜೆ ಬದುವಿನ ಮೇಲೆ ಒದ್ದೆ ಗೋಣಿಚೀಲಗಳನ್ನೂ ಪರಂಗಿ ಅಥವಾ ಕೋಸಿನ ಎಲೆಗಳನ್ನೂ ಹರಡಿ, ಬೆಳಗಿನ ಜಾವ ಅವುಗಳ ಕೆಳಗೆ ಕೂಡಿದವನ್ನು ಬಕೆಟ್ಟಿಗೆ ತುಂಬಿ ಗಾಢವಾದ ಉಪ್ಪುನೀರಿನಲ್ಲಿ ಕೊಲ್ಲಬೇಕು. ಆ ನೀರನ್ನು ಪಾತಿಗಾಗಲಿ ಕಾಲುವೆಗಾಗಲಿ ಚೆಲ್ಲಬಾರದು. ಒಬ್ಬರು ಮಾಡಿ ಪಕ್ಕದವರು ಬಿಟ್ಟರೆ ಫಲವಿಲ್ಲ. ಒಂದು ಊರಿನ ತೋಟದವರೆಲ್ಲ ಮುಂಗಾರಿನ ಮೊದಲ ಮಳೆಗಳಲ್ಲಿ, ಮೊಟ್ಟೆಯಿಡುವ ಮುನ್ನ, ಒಟ್ಟಿಗೆ ಮಾಡಿದರೆ ಫಲವುಂಟು. ಬರಿಗೈಯಿಂದ ಮುಟ್ಟಬಾರದು. ಇಲಿಗಳ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಸೂಕ್ಷ್ಮವಾದ ಹುಳುವಿಗೆ ಬಸವನಹುಳು ತಂಗುಮನೆ. ಅದು ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿನ ಪೊರೆಗೆ ಉರಿಯೂತ ತರಬಲ್ಲದು. ಚೀನದ ಕ್ಯಾಂಟನ್ನಿನಲ್ಲಿ ೧೯೩೫ರಲ್ಲಿ ಇಲಿಗಳಲ್ಲಿ ಕಂಡುಹಿಡಿದ ಈ ಹುಳು ಮನುಷ್ಯನಲ್ಲಿ ಮೊದಲು ಕಂಡದ್ದು ೧೯೪೫ರಲ್ಲಿ, ತೈವಾನಿನಲ್ಲಿ. ಗಾಬರಿಗೆ ಕಾರಣವಿಲ್ಲ. ಕೈಗೆ ಚೀಲ ತೊಟ್ಟು ಆರಿಸಿ, ಆಮೇಲೆ ಸಾಬೂನಿನಿಂದ ತೊಳೆದುಕೊಂಡು, ಹಸಿಯಾಗಿ ತಿನ್ನುವ ಸೊಪ್ಪನ್ನು ಎಲೆಯೆಲೆಯಾಗಿ ತೊಳೆದರೆ ಸಾಕು.

ನಗರದ ಮನೆಗಳಿಗೆ ಇದು ಬರುವುದು ತಾನಾಗಿ ನಡೆದುಕೊಂಡಲ್ಲ. ಸಸ್ಯಾಗಾರದಿಂದ ಕೊಂಡ ಕುಂಡದ ಮಣ್ಣಿನಲ್ಲಿ, ಕೊಟ್ಟಿಗೆಗೊಬ್ಬರದ ಚೀಲದಲ್ಲಿ, ಹುಲ್ಲುಹಾಸಿನ ಸುರುಳಿಯಲ್ಲಿ, ಕಟ್ಟಡದ ಜಲ್ಲಿಯಲ್ಲಿ ಮೊಟ್ಟೆಗಳ ರೂಪದಲ್ಲಿ ಬರುತ್ತದೆ. ಬಟಾಣಿಗಿಂತ ತುಸು ಚಿಕ್ಕವಾದ, ನಸುಹಳದಿಯ ಮುತ್ತಿನಂತಹ ಗುಂಡುಗಳು ಒಂದು ಕಡೆ ಗೊಂಚಲಾಗಿ ಸಿಕ್ಕಿದರೆ ಅವು ಗೊಬ್ಬರದ ಗುಳಿಗೆಗಳಲ್ಲ. ಹೊಸ ಕುಂಡವನ್ನು ಬಾಲ್ಕನಿಯಲ್ಲಿ ಇಡುವ ಮುನ್ನ ಮೇಲುಮಣ್ಣನ್ನು ಕೆದಕಿ ನೋಡುವುದು ಐದು ನಿಮಿಷದ ಕೆಲಸ.

ಹಾಗೆಂದು ಕಂಡ ಚಿಪ್ಪನ್ನೆಲ್ಲ ಜಜ್ಜಿಹಾಕುವುದು ಬೇಡ. ಕೋಡುಬಳೆಯನ್ನು ಒತ್ತಿದಂತೆ ಚಪ್ಪಟೆಯಾಗಿ, ಒಂದು ಅಂಗುಲದಷ್ಟಿದ್ದು, ಕಂದುಪಟ್ಟಿ ಸುತ್ತಿಕೊಂಡಿರುವ ಕ್ರಿಪ್ಟೋಜೋನಾ ಇಲ್ಲಿಯ ಮೂಲನಿವಾಸಿ; ಗಾಜಿನಂತೆ ತೆಳ್ಳಗೆ ಮಿರುಗುವ ಚಿಕ್ಕ ಮ್ಯಾಕ್ರೋಕ್ಲಾಮಿಸ್ ಕೂಡ ಹಾಗೆಯೇ. ಬಿದ್ದ ಎಲೆಯನ್ನು ಮಣ್ಣಿಗೆ ಹಿಂತಿರುಗಿಸುವ ಕೆಲಸದಲ್ಲಿ ಇಂತಹವುಗಳ ಪಾಲೂ ಇದೆ. ಚೂಪಾಗಿ, ಉದ್ದವಾಗಿ, ಕಂದುಗೆರೆಗಳು ಮೇಲಿನಿಂದ ಕೆಳಕ್ಕೆ ಇಳಿದಿದ್ದರೆ ಅದು ಆಫ್ರಿಕದ್ದು. ಇನ್ನು ಕೆರೆಯ ಏರಿಯ ಬಳಿಯೋ, ಗದ್ದೆಯ ಬದುವಿನಲ್ಲೋ, ಹೊಡೆಸಿದ ಕೆರೆಗೋಡಿನ ರಾಶಿಯಲ್ಲೋ ಗುಂಡನೆಯದೊಂದು ಸಿಕ್ಕಿದರೆ ಅದನ್ನು ಮಗುಚಿ ಬಾಯಿಯನ್ನು ನೋಡಬೇಕು. ಅಲ್ಲಿ ಕಲ್ಲಿನಂತೆ ಗಟ್ಟಿಯಾದ ಬಾಗಿಲು ಬಿಗಿಯಾಗಿ ಮುಚ್ಚಿಕೊಂಡಿದ್ದರೆ ಅದು ಸತ್ತದ್ದಾಗಿರಬೇಕಾಗಿಲ್ಲ, ಮಲಗಿರಬಹುದು. ನೀರಿರುವ ಹತ್ತಿರದ ಕೆರೆಯ ಅಂಚಿನಲ್ಲಿ, ಬಾಗಿಲು ಮೇಲಾಗಿ, ಒದ್ದೆ ಕೆಸರಿನ ಮೇಲೆ ಇಟ್ಟು ಬಂದರಾಯಿತು.